ಶುಕ್ರವಾರ ಬಾರದ ಉತ್ತರ

ಇವತ್ತು ಶುಕ್ರವಾರ ಸಂಜೆ ಮನೆಗೆ ಹೊರಡಲೆಂದು ಚೀಲ ಎತ್ತಿಕೊಂಡಿದ್ದೆ. ಸ್ಟೋರಿನ ಕಂಪ್ಯೂಟರ್ ಟಿಣ್ ಎಂದಿತು. ಪರದೆಯ ಮೂಲೆಯಲ್ಲಿ ಸಣ್ಣದೊಂದು ಕೆಂಪು ಬಾವುಟ, ಪಕ್ಕದಲ್ಲಿ ನಮ್ಮ ಸ್ಟೋರ್ ಕಾಕಾರೇ ಬರೆದಿಟ್ಟ ಸಾಲು: ‘ರಾಮದುರ್ಗದ ಉತ್ತರ ಬಂತೇನು? ಬರದಿದ್ರ ಫೋನ್ ಹಚ್ಚು.’ ಅವರು ತೀರಿಕೊಂಡು ಇನ್ನೂ ವಾರವಾಗಿಲ್ಲ. ಬಾವುಟಕ್ಕೆ ಅದು ಹೇಗೆ ಗೊತ್ತಾಗಬೇಕು... ಚೀಲ ಕೆಳಗಿಟ್ಟು ಹಾಗೇ ಕುಳಿತುಬಿಟ್ಟೆ.

ನಮ್ಮದು ಬೈಲಹೊಂಗಲದ ಒಂದು ಖಾಸಗಿ ದವಾಖಾನೆ. ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಅದರ ಶಾಖೆಗಳಿವೆ. ಎಲ್ಲ ಕಡೆಗೂ ಔಷಧ ಹಂಚುತ್ತಿದ್ದವರನ್ನು ನಾವು ಸ್ಟೋರ್ ಕಾಕಾರು ಎನ್ನುತ್ತಿದ್ದೆವು. ನಾನು ಅವರ ಎದುರಿನ ಮೇಜಿನ ಕಂಪ್ಯೂಟರ್ ಆಪರೇಟರ್. ಯಪ್ಪಾ, ಎಂಥ ಸಿಡುಕಿನ ಮನುಷ್ಯ! ಚಹಾ ಆರಿದರೆ ಬೈಗುಳ, ಫ್ಯಾನು ಜೋರಾಗಿ ತಿರುಗಿದರೆ ಬೈಗುಳ. ನಾನೂ ಸುಮ್ಮನಿರುವವಳಲ್ಲ, ತಿರುಗಿ ಅನ್ನುತ್ತಿದ್ದೆ. ನಮ್ಮಿಬ್ಬರ ಜಗಳ ಕೇಳಲಿಕ್ಕೆಂದೇ ಎಕ್ಸ್‌ರೇ ಕೋಣೆಯವರು ಬಾಗಿಲು ತೆರೆದಿಡುತ್ತಿದ್ದರು.

ಮಳೆಗಾಲ ಬಂತೆಂದರೆ ಶುಕ್ರವಾರ ಮಧ್ಯಾಹ್ನ ಶಾಖೆಗಳಿಗೆಲ್ಲ ಅವರದೊಂದು ಮೇಲ್ ಹೋಗುತ್ತಿತ್ತು. ‘ಹಾವು ಕಡಿದವರಿಗೆ ಕೊಡುವ ಇಂಜೆಕ್ಷನ್ ಸಾಕಷ್ಟು ಐತೇನು?’ ಕೆಳಗೆ ಎರಡು ಗುಂಡಿ: ‘ಐತಿ’, ‘ಇಲ್ಲ’. ಉದ್ದುದ್ದ ಬರೆಯುವ ಕೆಲಸವಿಲ್ಲ, ಒಂದನ್ನು ಒತ್ತಿದರಾಯಿತು. ಯಾರು ಏನು ಒತ್ತಿದರೆಂಬುದು ನಮ್ಮ ಪರದೆಯ ಮೇಲೆ ತಾನಾಗಿಯೇ ಒಟ್ಟಾಗುತ್ತಿತ್ತು. ಉತ್ತರ ಕೊಡದ ಶಾಖೆಯ ಹೆಸರಿನ ಮೇಲೆ ಕೆಂಪು ಬಾವುಟ ಹಾಕಿಡುತ್ತಿದ್ದರು. ಸಂಜೆಗೆ ಅದು ಟಿಣ್ ಎಂದು ನೆನಪು ಮಾಡುತ್ತಿತ್ತು. ಇದನ್ನೆಲ್ಲ ಅವರಿಗೆ ಕಲಿಸಿದವಳು ನಾನೇ. ಕಲಿತ ಮೇಲೆ ನನ್ನನ್ನೇ ಕಾಡತೊಡಗಿದರು.

ಎರಡು ವರ್ಷದ ಹಿಂದೆ ಒಂದು ಶುಕ್ರವಾರ ರಾಮದುರ್ಗದ ಉತ್ತರ ಬರಲಿಲ್ಲ. ಬಾವುಟ ಟಿಣ್ ಎಂದಿತು. “ನಾಳೆ ನೋಡಿದ್ರಾತು, ಬಸ್ಸು ತಪ್ಪತೈತಿ ನಂದು” ಎಂದೆ. ಅವರು ಆಗಲೇ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದ್ದರು.

“ಸಿಸ್ಟರ್, ಇಂಜೆಕ್ಷನ್ ಐತೋ ಇಲ್ಲೋ?”

ರಾಮದುರ್ಗದ ಸಿಸ್ಟರ್ ದನಿ ತಗ್ಗಿಸಿದಳು. “ಕಾಕಾರ, ಈಗ ಔಷಧದ ಕಪಾಟಿಗೆ ಊದಿನಕಡ್ಡಿ ಹಚ್ಚೇನ್ರಿ. ದೀಪ ಹಚ್ಚೂ ಹೊತ್ತು, ಅದ್ರಾಗ ಶುಕ್ರವಾರ... ಆ ಮಾತು ನನ್ನ ಬಾಯಿಂದ ಹೊರಡಸಬ್ಯಾಡ್ರಿ. ಮುಂಜಾನೆ ಎದ್ದ ಕೂಡ್ಲೆ ಗುಂಡಿ ಒತ್ತತೇನಿ.”

ನಮ್ಮ ಕಡೆ ಹಾಗೆಯೇ. ದೀಪದ ಹೊತ್ತಿನಲ್ಲಿ ಮನೆಯಲ್ಲಿ ಯಾವುದನ್ನೂ ‘ಇಲ್ಲ’ ಎನ್ನಬಾರದು. ಡಬ್ಬಿಯಲ್ಲಿ ಒಂದು ಕಾಳು ಅಕ್ಕಿ ಉಳಿದಿರದಿದ್ದರೂ ನನ್ನವ್ವ ಆ ಮಾತು ಆಡುತ್ತಿರಲಿಲ್ಲ. ಆದರೆ ದವಾಖಾನೆಯಲ್ಲೂ ಇದೇನು? ನನಗೆ ಸಿಟ್ಟು ನೆತ್ತಿಗೇರಿತು. ಕಾಕಾರು ಮಾತ್ರ ಬೈಯಲಿಲ್ಲ. “ತಿಳೀತವಾ, ಇಡು” ಎಂದಷ್ಟೇ ಹೇಳಿ ಸವದತ್ತಿಗೆ ಫೋನ್ ಮಾಡಿದರು. ಅಲ್ಲಿಯ ಇಂಜೆಕ್ಷನ್‌ಗಳಲ್ಲಿ ಅರ್ಧ ತೆಗೆದು, ಬರ್ಫದ ಡಬ್ಬಿಯಲ್ಲಿಟ್ಟು, ರಾಮದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಹೇಳಿದರು. ಬಸ್ಸು ಬಿಟ್ಟಿತೆಂದು ಖಾತ್ರಿಯಾದ ಮೇಲೆಯೇ ಕನ್ನಡಕ ತೆಗೆದರು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಕಟಕೋಳಕ್ಕೆ ಕೊಟ್ಟ ನನ್ನ ತಂಗಿಯ ಗಂಡ. ಬಣವೆಯಿಂದ ಮೇವು ಹಿರಿಯುವಾಗ ಅವಳಿಗೆ ಹಾವು ಕಡಿದಿತ್ತು, ಕೊಳಕಮಂಡಲ. ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ರಾಮದುರ್ಗದ ನಮ್ಮ ಶಾಖೆಗೇ ತಂದಿದ್ದರು. ಕಾಲು ಬಾತು ಹೋಗಿದೆ, ಒಸಡಿನಿಂದ ರಕ್ತ ಬರುತ್ತಿದೆ, ಇಲ್ಲಿ ಔಷಧ ಇಲ್ಲವಂತೆ, ಬೇರೆ ಊರಿಗೆ ಒಯ್ಯುತ್ತೇವೆ ಎಂದು ಅವನು ಅಳುತ್ತಿದ್ದ. “ನನ್ನ ತಂಗಿಗೆ ಹಾವು ಕಡದೈತ್ರಿ, ರಾಮದುರ್ಗದಾಗ ಅದಾಳ” ಎಂದು ಕೂಗಿದೆ. ಕಾಕಾರು ನನ್ನ ಕೈಯಿಂದ ಫೋನ್ ಕಸಿದುಕೊಂಡರು.

“ಏ ತಮ್ಮಾ, ಆಕಿನ್ನ ಅಲ್ಲಿಂದ ಅಲ್ಲಾಡಸಬ್ಯಾಡ. ಔಷಧ ಬಸ್ಸಿನ್ಯಾಗ ಬರಾಕ ಹತ್ತೇತಿ. ನೀ ಸ್ಟ್ಯಾಂಡಿಗೆ ಹೋಗಿ ನಿಂದ್ರು.”

ಹೇಳಿದ್ದೇನೋ ಹೇಳಿದರು. ಬಸ್ಸು ನಡುದಾರಿಯಲ್ಲಿ ಕೆಟ್ಟರೆ? ಅಷ್ಟರೊಳಗೆ ಅವಳಿಗೆ ಏನಾದರೂ ಆದರೆ? ಒಯ್ಯಲಿ ಬಿಡಿ ಎಂದು ಅವರ ಮೇಲೆ ಕೂಗಾಡಿದೆ. ಅವರು ಕಂಡಕ್ಟರನಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಲೇ ಇದ್ದರು. ಒಮ್ಮೆ ಲೈನೇ ಹತ್ತಲಿಲ್ಲ. ಆಗ ಅವರು ಅದೇ ನಂಬರನ್ನು ಎರಡು ಸಲ ತಪ್ಪಾಗಿ ಒತ್ತಿದ್ದನ್ನು ನೋಡಿ ನಾನು ಕೂಗಾಟ ನಿಲ್ಲಿಸಿದೆ. ಅವರಿಗೂ ಹೆದರಿಕೆ ಇತ್ತು... ಆ ಸಂಜೆಯಷ್ಟು ಉದ್ದದ ಸಂಜೆಯನ್ನು ನಾನು ಮತ್ತೆ ಕಂಡಿಲ್ಲ.

ಕೊನೆಗೆ ಸಿಸ್ಟರ್ ಫೋನ್ ಮಾಡಿ, ಸಲೈನಿನಲ್ಲಿ ಔಷಧ ಹಚ್ಚಿದ್ದೇವೆ ಎಂದಳು. ತಂಗಿ ಉಳಿದಳು.

ಮುಂದಿನ ಶುಕ್ರವಾರದ ಮೇಲ್ ನೋಡಿದೆ. ‘ಇಲ್ಲ’ ಎಂಬ ಗುಂಡಿಯನ್ನೇ ಅವರು ತೆಗೆದುಹಾಕಿದ್ದರು. ಅದರ ಜಾಗದಲ್ಲಿ ‘ಕಳಸ್ರಿ’ ಎಂದಿತ್ತು. ಆ ದಿನದಿಂದ ರಾಮದುರ್ಗದ ಉತ್ತರ ಎಲ್ಲರಿಗಿಂತ ಮೊದಲು ಬರತೊಡಗಿತು. ಆದರೂ ಪ್ರತಿ ಶುಕ್ರವಾರ ಸಂಜೆ ಟಿಣ್ ಎನ್ನುವಂತೆ ಅದರ ಮೇಲೆ ಇಟ್ಟಿದ್ದ ಬಾವುಟವನ್ನು ಅವರು ತೆಗೆಯಲಿಲ್ಲ.

ತಂಗಿ ಅವರನ್ನು ನೋಡಲು ಬರುತ್ತೇನೆ, ಕಾಲಿಗೆ ಬೀಳುತ್ತೇನೆ ಎನ್ನುತ್ತಲೇ ಇದ್ದಳು. ಮೊದಲು ಕಾಲು ನೋವು, ಆಮೇಲೆ ಬಸುರಿ, ಬಾಣಂತನ, ಹೊಲದ ಕೆಲಸ. ನಾನು ಹೇಳಿದಾಗಲೆಲ್ಲ ಕಾಕಾರು, “ಬರ್ಲಿ ಬಿಡವಾ, ಅವಸರೇನೈತಿ” ಎನ್ನುತ್ತಿದ್ದರು. ಹೋದ ಶನಿವಾರ ಅವರ ಎದೆಬಡಿತ ನಿಂತಿತು.

ಸುದ್ದಿ ತಿಳಿದು ತಂಗಿ ಕೂಸನ್ನು ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿ ಬಂದಳು. ಅವರನ್ನು ಅಂಗಳದಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ತನ್ನ ಜೀವ ಉಳಿಸಿದವರ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಕಾಲು ಮುಟ್ಟಿ ನಮಸ್ಕರಿಸಿ, ಬಹಳ ಹೊತ್ತು ಆ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಿವಿಯಲ್ಲಿ ಕೇಳಿದಳು.

“ಯಕ್ಕಾ, ಇವರು ನಗತಿದ್ರೇನ?”

“ನಗತಿದ್ದಿಲ್ಲವಾ. ಭಾಳ ಬೈತಿದ್ರು” ಎಂದೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.