ಗಾಳಿ ನೋಡುವ ಪೌಡರು

ಸ್ನಾನದ ಮನೆಯಿಂದ ಪೌಡರಿನ ವಾಸನೆ ಬಂದರೆ ಈಗಲೂ ನನಗೆ ಮರುಭೂಮಿ ನೆನಪಾಗುತ್ತದೆ. ನಗಬೇಡಿ. ಕೊಲ್ಲಿ ದೇಶದಲ್ಲಿ, ಮುಸಫ್ಫಾದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಪೌಡರಿನ ಡಬ್ಬಿ ಇರುತ್ತಿದ್ದದ್ದು ಅಪ್ಪನ ಕಿಸೆಯಲ್ಲಿ. ಅಮ್ಮ ಹುಡುಕಿ ಹುಡುಕಿ ಸುಸ್ತಾಗುತ್ತಿದ್ದಳು. ಬೆಳ್ತಂಗಡಿ ಕಡೆಯ ಬೇಟೆಗಾರರ ಮನೆಯಲ್ಲಿ ಹುಟ್ಟಿದ ಅಪ್ಪ, ಶುಕ್ರವಾರ ಬಂತೆಂದರೆ ಗೆಳೆಯರ ಹಳೇ ಪಿಕಪ್ಪಿನಲ್ಲಿ ನನ್ನನ್ನು ಕೂರಿಸಿಕೊಂಡು ಬನಿಯಾಸಿನ ಆಚೆಯ ಮರಳುಗಾಡಿನಲ್ಲಿ ಜಿಂಕೆ ಬೇಟೆಗೆ ಜಾಗ ನೋಡಲು ಹೊರಡುತ್ತಿದ್ದರು. ಹೊಡೆಯುವ ಯೋಚನೆಯೇ ಇರಲಿಲ್ಲ, ಜಾಗ ನೋಡುವುದಷ್ಟೇ. "ನಿಮಗೆ ಮರ್ಲಾ ಮಾರಾಯ್ರೆ? ಕೋವಿಯೂ ಇಲ್ಲ, ಎಂತದೂ ಇಲ್ಲ, ಹೊರಟದ್ದು ಬೇಟೆಗೆ!" ಎಂದು ಅಮ್ಮ ಪ್ರತಿ ವಾರ ಬೈಯುತ್ತಿದ್ದಳು, ಬೈಯುತ್ತಲೇ ಬುತ್ತಿ ಕಟ್ಟುತ್ತಿದ್ದಳು.

ಅವರಿಗೆ ಹೋಗಲು ಬೇರೆ ಜಾಗವಾದರೂ ಎಲ್ಲಿತ್ತು? ಅವರು ದುಡಿಯುತ್ತಿದ್ದ ವರ್ಕ್‌ಶಾಪಿನ ಯಜಮಾನ ಸಾಲ ತೀರಿಸದೆ ರಾತ್ರೋರಾತ್ರಿ ಮಾಯವಾಗಿದ್ದ. ಕಾಗದದಲ್ಲಿ ಮ್ಯಾನೇಜರ್ ಎಂದು ಅಪ್ಪನ ಹೆಸರಿದ್ದ ಕಾರಣ ಕೇಸು ಅವರ ತಲೆಗೆ ಬಂತು. ಅದು ಮುಗಿಯುವವರೆಗೆ ದೇಶ ಬಿಡುವಂತಿರಲಿಲ್ಲ. ವಾರವಿಡೀ ಗೋಡೆ ನೋಡುತ್ತಾ ಕೂರುತ್ತಿದ್ದ ಅಪ್ಪ, ಮರಳಿನಲ್ಲಿ ಗೊರಸಿನ ಗುರುತು ಕಂಡರೆ ಬೇರೆಯೇ ಮನುಷ್ಯ. ಹಿಕ್ಕೆಯನ್ನು ಕಡ್ಡಿಯಿಂದ ಒಡೆದು ಹಸಿಯೋ ಒಣಗಿದ್ದೋ ನೋಡಿ, ಅಂಗೈಗೆ ಚಿಟಿಕೆ ಪೌಡರು ಹಾಕಿ ಮೆಲ್ಲನೆ ಉದುರಿಸುತ್ತಿದ್ದರು. ಊರಲ್ಲಿ ಅಜ್ಜ ಒಲೆಯ ಬೂದಿಯಿಂದ ಗಾಳಿ ನೋಡುತ್ತಿದ್ದದ್ದೂ ಹೀಗೆಯೇ ಅಂತೆ. "ನಮ್ಮಿಂದ ಅದರ ಕಡೆಗೆ ಗಾಳಿ ಹೋಗ್ಬಾರ್ದು ಮಗಾ. ನಾವು ಎಲ್ಲಿದ್ದೇವೆ ಅಂತ ಅದಕ್ಕೆ ಗೊತ್ತಾಗ್ತದೆ." ಅಜ್ಜನದು ಇನ್ನೊಂದು ಕಟ್ಟಳೆಯೂ ಇತ್ತು: ಮೂರು ಬದಿ ಕಾದರೂ ಒಂದು ಬದಿ ಪ್ರಾಣಿಗೆ ಬಿಡಬೇಕು. ಓಡಲು ದಾರಿಯಿಲ್ಲದ ಜಿಂಕೆಯ ಮೇಲೆ ಅವರ ಮನೆಯಲ್ಲಿ ಯಾರೂ ಕೋವಿ ಎತ್ತುತ್ತಿರಲಿಲ್ಲ.

ಒಂದು ಶುಕ್ರವಾರ ಭಾರೀ ಜಾಗ ಸಿಕ್ಕಿತು. ಒಂಟಿ ಮರ, ಬುಡದಲ್ಲಿ ಹಸಿ ಹಿಕ್ಕೆ, ದಿನಾ ನಡೆದು ಸವೆದ ಜಾಡು. ಅಪ್ಪ ಕುಣಿಯುವುದೊಂದು ಬಾಕಿ! ಜಾಡು ಹಿಡಿದು ಹೋದೆವು. ಅದು ಬೇಲಿಗೆ ಮುಟ್ಟಿ ತಿರುಗಿತು, ಮತ್ತೊಂದು ಬೇಲಿಗೆ ಮುಟ್ಟಿ ತಿರುಗಿತು, ಕೊನೆಗೆ ಅದೇ ಮರದ ಬುಡಕ್ಕೆ ಬಂತು. ನೀರಿನ ಟ್ಯಾಂಕರಿಗೆಂದು ತೆರೆದಿಟ್ಟಿದ್ದ ಗೇಟಿನಿಂದ, ಯಾರದೋ ದೊಡ್ಡ ಆವರಣದೊಳಗೆ ನಾವು ಗೊತ್ತಿಲ್ಲದೆ ಬಂದುಬಿಟ್ಟಿದ್ದೆವು. ಮೂಲೆಯಲ್ಲಿ ಒಂದು ಜಿಂಕೆ ತಂತಿಗೆ ಮೂಗು ತಾಗಿಸಿ ಹೊರಗೆ ನೋಡುತ್ತಾ ನಿಂತಿತ್ತು. ಅಪ್ಪ ಮರಳಲ್ಲೇ ಕುಸಿದು ಕೂತರು. "ಒಂದು ಬದಿಯಾದ್ರೂ ಬಿಡ್ಲಿಲ್ವಲ್ಲಾ ಇವರು," ಎಂದು ಅತ್ತುಬಿಟ್ಟರು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು, ಹೆದರಿ ಅವರ ತೋಳು ಹಿಡಿದುಕೊಂಡೆ. ಆಮೇಲೆ ಮೂಗು ಒರೆಸಿಕೊಂಡು, "ಖಲಾಸ್ ಮಗಾ, ಹೋಗುವ," ಎಂದರು. ಮತ್ತೆಂದೂ ನಾವು ಜಾಗ ನೋಡಲು ಹೋಗಲಿಲ್ಲ.

ನಮ್ಮ ವೀಸಾ ಮುಗಿದಾಗ ಅಮ್ಮ, ನಾನು ಇಬ್ಬರೇ ಊರಿಗೆ ಹೊರಟೆವು. ಏರ್‌ಪೋರ್ಟಿನ ಬಾಗಿಲಲ್ಲಿ ಅಪ್ಪ ಡಬ್ಬಿ ತೆಗೆದು ಪೌಡರು ಉದುರಿಸಿದರು. ಅದು ನಮ್ಮ ಬಟ್ಟೆಗೆ ಬಂದು ಕೂತಿತು. "ಎಂತ ಇದು, ಎಲ್ಲರೂ ನೋಡ್ತಿದ್ದಾರೆ!" ಎಂದಳು ಅಮ್ಮ. ಅಪ್ಪ ನಕ್ಕರು. "ಗಾಳಿ ನಿಮ್ಮ ಕಡೆಗೇ ಉಂಟು. ನಾನು ಎಲ್ಲಿದ್ದೇನೆ ಅಂತ ನಿಮಗೆ ಗೊತ್ತಾಗ್ತದೆ." ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಕೇಸು ಮುಗಿಯಲಿಲ್ಲ. ಗೆಳೆಯರ ರೂಮಿನಲ್ಲಿ ಮಲಗಿದ ಅಪ್ಪ ಒಂದು ಬೆಳಿಗ್ಗೆ ಏಳಲಿಲ್ಲ. ಅವರನ್ನು ಅಷ್ಟು ವರ್ಷ ತಡೆದವರು ಪೆಟ್ಟಿಗೆಯನ್ನು ತಡೆಯಲಿಲ್ಲ. ಡಬ್ಬಿ ಈಗಲೂ ನನ್ನ ಹತ್ತಿರ ಇದೆ. ಸಂಜೆ ಕಡಲಿನ ಕಡೆಯಿಂದ ಗಾಳಿ ಬಂದರೆ ಅಂಗಳದಲ್ಲಿ ನಿಂತು ಚಿಟಿಕೆ ಪೌಡರು ಉದುರಿಸುತ್ತೇನೆ. ಗಾಳಿ ನನ್ನ ಕಡೆಗೇ ಇರುತ್ತದೆ. ಆದರೆ ಅಪ್ಪಾ, ನೀವು ಎಲ್ಲಿದ್ದೀರಿ ಅಂತ ನನಗೆ ಗೊತ್ತಾಗುವುದಿಲ್ಲ.