ವಾಸಿಯಾದ ಗಿಡ

ಎಲೆ ಒರೆಸುವಾಗ ಮನೆ ಯಜಮಾನರ ನಾಲಗೆಯ ತುದಿ ತುಟಿಯಿಂದಾಚೆ ಬರುತ್ತಿತ್ತು. ಎಡ ಅಂಗೈಯನ್ನು ಎಲೆಯಡಿಗೆ ಕೊಟ್ಟು, ಒದ್ದೆ ಬಟ್ಟೆಯಿಂದ ಧೂಳು ತೆಗೆಯುವಷ್ಟು ಹೊತ್ತೂ ಉಸಿರು ಬಿಗಿಹಿಡಿದಿರುತ್ತಿದ್ದರು. ಬಟ್ಟೆ ಅವರ ಹಳೆಯ ಬನಿಯನ್ನಿನದು ಎಂದು ನನ್ನ ನೆನಪು. ನನ್ನದೇ ಇದ್ದರೂ ಇರಬಹುದು. ಆ ವರ್ಷ ನನ್ನದೊಂದು ಕಾಣೆಯಾಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ, ಎಂ.ಎಸ್ಸಿ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಆರ್.ಟಿ. ನಗರದ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಪೂರ್ವದ ಕಿಟಕಿ ಇದ್ದದ್ದು ಆ ಕೋಣೆಗೆ ಮಾತ್ರ. ಹಾಗಾಗಿ ಹಸಿರೆಲೆಯ ಮೇಲೆ ಸುಣ್ಣ ಚೆಲ್ಲಿದಂತಿದ್ದ ಅವರ ಮನಿ ಪ್ಲಾಂಟೂ ಅಲ್ಲೇ ಇತ್ತು.

"ರೂಮು ಕೊಟ್ಟಿರೋದು ಅದಕ್ಕೆ ಕಣ್ರೀ ಎಂಎಸ್ಸಿ. ನೀವು ಜೊತೆಗಿದೀರಿ, ಅಷ್ಟೇ. ಬಿಳುಪು ಹೋಯ್ತೋ, ನೀವೂ ಹೊರಡ್ಬೇಕಾಗುತ್ತೆ."

ಇದು ತಮಾಷೆಯಲ್ಲ. ಹಿಂದಿನ ಬಾಡಿಗೆದಾರ ಕಿಟಕಿಗೆ ದಪ್ಪ ಪರದೆ ಕಟ್ಟಿದ್ದಕ್ಕೇ ಖಾಲಿ ಮಾಡಬೇಕಾಯಿತಂತೆ. ನೆರಳು ಹೆಚ್ಚಾದರೆ ಹೊಸ ಎಲೆ ಬರೀ ಹಸಿರು. ನೇರ ಬಿಸಿಲು ಬಿದ್ದರೆ ಬಿಳಿ ಜಾಗ ಸುಟ್ಟು ಕಂದು. ಕೊಳಾಯಿ ನೀರನ್ನೂ ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟೇ ಹಾಕಬೇಕು.

"ಇದಕ್ಕೆಲ್ಲ ಪುರಾವೆ ಏನ್ ಸಾರ್?" ಎಂದು ಕೇಳಿದ್ದೆ.

"ಪುರಾವೆಗೆ ಅಂತ ಗಿಡ ಸಾಯಿಸಕ್ಕಾಗುತ್ತೇನ್ರೀ?"

ಒಮ್ಮೆ ಅವರು ಮಗಳ ಊರಿಗೆ ಹೋಗಿದ್ದಾಗ, ಚಿಕ್ಕಜಾಲದ ಹತ್ತಿರದ ನಮ್ಮ ಹಳ್ಳಿಯಿಂದ ಅಮ್ಮ ಬಂದಳು. ನಾನು ಕಾಲೇಜಿನಿಂದ ಮರಳುವಷ್ಟರಲ್ಲಿ ಬಿಳಿ ಬಿದ್ದ ಎಲೆಗಳನ್ನೆಲ್ಲ ಕಿತ್ತು, ಉಳಿದ ಹಸಿರೆಲೆಗಳಿಗೆ ಬಚ್ಚಲೊಲೆಯ ಬೂದಿ ಉದುರಿಸಿದ್ದಳು. ಬೇರೆ ಕೋಣೆ ಎಲ್ಲಿ ಹುಡುಕಲಿ ಎಂದು ಯೋಚಿಸುತ್ತಿರುವಾಗಲೇ ಅವರು ಚೀಲ ಹಿಡಿದು ಬಾಗಿಲಲ್ಲಿ ನಿಂತರು.

"ನಮ್ಮ ತೋಟದ ಉರುಳಿಕಾಯ್ಗೂ ಇಂಗೇ ರೋಗ ಬಂದಿತ್ತು ಸ್ವಾಮಿ," ಎಂದಳು ಅಮ್ಮ. "ಎಲೆ ಬೆಳ್ಳಗಾದ್ರೆ ಕಿತ್ತಾಕ್ಬೇಕು. ಇನ್ನೇನೂ ಬಯ ಇಲ್ಲ, ವಾಸಿ ಆಯ್ತದೆ."

ಅವರು ಗಿಡ ನೋಡಿದರು, ಅಮ್ಮನ ಬೂದಿಗೈ ನೋಡಿದರು. ಚೀಲ ಕೆಳಗಿಟ್ಟರು.

"ಊಟ ಆಯ್ತಾ ತಾಯಿ?" ಎಂದಷ್ಟೇ ಕೇಳಿದರು.

ಅಮ್ಮ ಬಸ್ಸು ಹತ್ತಿದ ಮೇಲೆ ಕತ್ತರಿ ತಂದರು. ಕಾಂಡದಲ್ಲಿ ಬಿಳಿ ಗೆರೆಯಿದ್ದ ಒಂದು ಗೆಣ್ಣು ಬಿಟ್ಟು, ಅವಳು ಉಳಿಸಿದ್ದ ಹಸಿರನ್ನೆಲ್ಲ ಕತ್ತರಿಸಿದರು. ಕುಂಡದಲ್ಲಿ ಉಳಿದದ್ದು ಒಂದು ಮೋಟು.

"ಗೆರೆ ಇದ್ರೆ ಬಣ್ಣ ಬರುತ್ತೆ ಕಣ್ರೀ. ಬರೋವರೆಗೂ ಇರಿ."

ನಿಧಾನವಾಗಿ ಬಂತು. ಆದರೆ ಅಮ್ಮ ಬಂದಾಗಲೆಲ್ಲ ಕಿಟಕಿಯಲ್ಲಿ ಬೇರೊಂದು, ಪೂರ್ತಿ ಹಸಿರಾದ ಮನಿ ಪ್ಲಾಂಟ್ ಇರುತ್ತಿತ್ತು. ಅವಳಿಗೆ ತೋರಿಸಲೆಂದೇ ಅದನ್ನು ಬೆಳೆಸಿದ್ದರು. "ನಿಮ್ಮ ಕೈಗುಣ ತಾಯಿ," ಎನ್ನುತ್ತಿದ್ದರು. ಅಸಲಿ ಗಿಡ ಅಷ್ಟು ಹೊತ್ತು ಅವರ ಮಂಚದ ಹಿಂದೆ ಅಡಗಿರುತ್ತಿತ್ತು. ಬೆಂಗಳೂರಿನ ಗಿಡ ಗುಣಪಡಿಸಿದ್ದನ್ನು ಅಮ್ಮ ನಮ್ಮೂರಿಗೆಲ್ಲ ಹೇಳಿಕೊಂಡು ಬಂದಳು.

ಅವರು ತೀರಿಕೊಂಡಾಗ ಗಿಡ ಬದಲಾಯಿಸುವುದು ಯಾರಿಗೂ ನೆನಪಾಗಲಿಲ್ಲ. ಮನೆಯವರನ್ನು ಮಾತಾಡಿಸಲು ಬಂದ ಅಮ್ಮ ನನ್ನ ಕೋಣೆಯ ಕಿಟಕಿಯ ಮುಂದೆ ನಿಂತುಬಿಟ್ಟಳು. ಬಿಳುಪು ಎಂದಿಗಿಂತ ಚೆನ್ನಾಗಿ ಹರಡಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡ್ಲಾ, ಯಜಮಾನ್ರು ಓದೇಟ್ಗೆ ರೋಗ ತಿರ್ಗಾ ಅತ್ಕಂಡೈತೆ. ವಸಿ ಬೂದಿ ತತ್ತಾ."

ನಾನು ಕುಂಡವನ್ನು ಎದೆಗವಚಿ ಎತ್ತಿಕೊಂಡೆ.

"ನಾನ್ ನೋಡ್ಕೋತೀನಿ ಬಿಡಮ್ಮ," ಎಂದೆ. "ಎಂಗೆ ಅಂತ ಅವ್ರು ಯೋಳ್ಕೊಟ್ಟವ್ರೆ."