ನಾನು ಹೊತ್ತು ನೋಡಿದ ಪೆಟ್ಟಿಗೆ

ನಿಮ್ಮ ತಾತನ ಎಡಭುಜ ಬಲಭುಜಕ್ಕಿಂತ ಎರಡು ಬೆರಳಷ್ಟು ತಗ್ಗಿತ್ತು. ಅವರ ಜುಬ್ಬಾಗಳಲ್ಲೆಲ್ಲ ಆ ಭುಜದ ಬಟ್ಟೆ ತೂತುಬಿದ್ದು ಜರಡಿಯಂತಾಗಿರುತ್ತಿತ್ತು. ಕಾರಿನ ಬ್ಯಾಟರಿ ಹೊತ್ತು, ಅದರೊಳಗಿನ ಆಸಿಡ್ಡು ತುಳುಕಿ ಆದ ತೂತುಗಳು. ನಾನು ಒಳಗಿನಿಂದ ತೇಪೆ ಹಾಕುತ್ತಿದ್ದೆ. ಮುಂದಿನ ಮದುವೆಯಲ್ಲಿ ಬಾರಿಸಿ ಬರುವಷ್ಟರಲ್ಲಿ ತೇಪೆಯೂ ತೂತಾಗುತ್ತಿತ್ತು.

ಮಕ್ಕಳೇ, ನೀವು ಅವರನ್ನು ನೋಡಿಲ್ಲ. ನಿಮ್ಮ ಅಪ್ಪನಿಗೇ ಅವರ ಮುಖ ನೆನಪಿಲ್ಲ. ನನಗೆ ಎದುರು ಕೂತು ಹೇಳಲು ನಾಲಿಗೆ ಏಳುವುದಿಲ್ಲ. ಅದಕ್ಕೇ ಹಳ್ಳಿ ಶಾಲೆಯಲ್ಲಿ ಕಲಿತಷ್ಟು ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಅವರು ಗಿಟಾರು ಬಾರಿಸುತ್ತಿದ್ದರು. ಪಿರಿಯಾಪಟ್ಟಣದ ಆಚೆ ಕೊಡಗಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ, ಬ್ಯಾಂಡಿನವನೊಬ್ಬ ಅದನ್ನು ಕಲಿಸಿ, ಊರು ಬಿಡುವಾಗ ಇವರಿಗೇ ಕೊಟ್ಟು ಹೋಗಿದ್ದನಂತೆ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾ ನುಡಿಸುತ್ತಿದ್ದರು. ನಾವಿದ್ದದ್ದು ಹುಣಸೂರಿನಲ್ಲಿ. ಅತ್ತ ಕೆ.ಆರ್. ನಗರ, ಇತ್ತ ಎಚ್.ಡಿ. ಕೋಟೆಯವರೆಗೆ ಮದುವೆಗಳಿಗೆ ಕರೆಸುತ್ತಿದ್ದರು. ಹೊಸ ಅಗ್ರಹಾರದ ಕಡೆ ಒಂದು ಚಪ್ಪರದಲ್ಲಿ ಮುದುಕಿಯೊಬ್ಬಳು, "ಇದೇನಪ್ಪ, ತಂಬೂರಿನ ಮಗಿನಂಗೆ ಮನಗುಸ್ಕೊಂಡಿದ್ದೀಯ, ಆಲು ಕುಡಿಸ್ತೀಯಾ?" ಎಂದಳಂತೆ. ಇವರು, "ಅದು ಅಳೋದ್ನ ಕೇಳಾಕೇ ಕರ್ಸವ್ರೆ ಕಣಜ್ಜಿ" ಎಂದರಂತೆ. ಮನೆಗೆ ಬಂದು ಹೇಳಿ, ಊಟ ಮುಗಿಯುವವರೆಗೂ ನಕ್ಕರು.

ಗಿಟಾರಿನ ದನಿ ಸಣ್ಣದು. ಮದುವೆಯ ಗಲಾಟೆಯಲ್ಲಿ ಮೂರನೇ ಸಾಲಿಗೆ ಕೇಳದು. ಅದಕ್ಕಾಗಿ ಬಾಡಿಗೆಗೆ ಕಬ್ಬಿಣದ ಆಂಪ್ಲಿಫೈಯರು, ಮರಕ್ಕೆ ಕಟ್ಟುವ ಹಾರನ್ನು ಎಂಬ ದೊಡ್ಡ ಲೌಡ್‌ಸ್ಪೀಕರು, ಕರೆಂಟಿಲ್ಲದ ಊರಿಗೆ ಬ್ಯಾಟರಿ. ಬಸ್ಸಿಳಿದ ಮೇಲೆ ಅಷ್ಟನ್ನೂ ಹೊರಬೇಕು.

ಮದುವೆಯಾದ ನಾಲ್ಕನೇ ವರ್ಷ ಅವರ ಎದೆಯಲ್ಲಿ ನೀರು ತುಂಬಿತು. ಮೈಸೂರಿನ ಡಾಕ್ಟರು ಸೂಜಿ ಚುಚ್ಚಿ ತೆಗೆದರು. "ಬಾರಿಸೋದು ಬೇಡ ಅನ್ನಲ್ಲ, ಭಾರ ಮಾತ್ರ ಎತ್ತಬೇಡಿ" ಎಂದು ಕಳಿಸಿದರು. ಆಸ್ಪತ್ರೆಯಿಂದ ಹೊರಬಿದ್ದವರೇ ನನ್ನನ್ನು ರೇಡಿಯೋ ರಿಪೇರಿ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ದನಿ ದೊಡ್ಡದು ಮಾಡುವ ಮೂರು ಸೆಟ್ಟುಗಳಿದ್ದವು. ಒಂದರ ದನಿ ಜೋರು, ಬೆಲೆಯೂ ಜೋರು. ಇನ್ನೊಂದು ಅಗ್ಗ, ಆದರೆ ಒರಳಿನಷ್ಟು ಭಾರ. ಮೂರನೆಯದು ಅಂಗಡಿಯವನೇ ಹಳೇ ರೇಡಿಯೋ ಸಾಮಾನಿನಲ್ಲಿ ಜೋಡಿಸಿದ ಮರದ ಪೆಟ್ಟಿಗೆ. ಮುಂದೆ ಬಟ್ಟೆ, ಒಳಗೆ ಒಣ ಬ್ಯಾಟರಿ.

"ನೀನು ಎತ್ಕೊಂಡು ಬೀದಿ ಕೊನೆಗಂಟ ಓಗ್ಬುಟ್ಟು ಬಾ. ನಿನ್ ಕೈಲಾದ್ರೆ ನನ್ ಕೈಲೂ ಆಯ್ತದೆ" ಎಂದರು. ಪರಪುರುಷರ ಮುಂದೆ ತಲೆ ಎತ್ತದವಳು ನಾನು. ಸೆರಗು ಹೊದ್ದು, ಒಂದೊಂದನ್ನೇ ಹಿಡಿದು ಮೈಸೂರಿನ ಬೀದಿಯಲ್ಲಿ ನಡೆದೆ. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. "ಎಲ್ಲರೂ ಕೇಳಿ ತಗೋತಾರೆ ಸ್ವಾಮಿ, ನೀವು ಹೆಂಡ್ತಿ ಕೈಲಿ ಹೊರಿಸಿ ತಗೋತೀರಲ್ಲ" ಎಂದ. ಮೂರನೆಯದು ನನ್ನ ಕೈ ನೋಯಿಸಲಿಲ್ಲ. ಅದನ್ನೇ ಕೊಂಡೆವು.

ಆದರೆ ನಮ್ಮ ಕಡೆ ಮದುವೆ ಮನೆಯವರಿಗೆ ಚಪ್ಪರಕ್ಕೆ ಕೇಳಿದರೆ ಸಾಲದು. ಬೀಗರು ಊರ ಎಲ್ಲೆ ಮುಟ್ಟುವ ಹೊತ್ತಿಗೆ ಹಾರನ್ನು ಮರ ಏರಿ, ಪಕ್ಕದೂರಿಗೂ ಕೇಳುವಂತೆ ಮೊಳಗಬೇಕು. ಇಲ್ಲದಿದ್ದರೆ ಬಡಮದುವೆ ಎಂದು ಆಡಿಕೊಳ್ಳುವರು. ಪೆಟ್ಟಿಗೆ ನೋಡಿ ಎಷ್ಟೋ ಮಂದಿ ಬೇಡವೆಂದರು. "ಒಳಗೆ ಕೂತೋರ್ಗೆ ಕೇಳುದ್ರೆ ಸಾಕು ಬುಡು. ಆಚೆಯೋರು ಬೇಕಾದ್ರೆ ಒಳೀಕ್ ಬರ್ಲಿ" ಎನ್ನುತ್ತಿದ್ದರು ಇವರು. ಕರೆದವರ ಮನೆಗೆ ಹೋಗಿ ಬರುತ್ತಿದ್ದರು. ಎರಡು ವರ್ಷ ಕೆಮ್ಮಲಿಲ್ಲ.

ಆಗ ನನ್ನ ತಂಗಿಯ ಮದುವೆ ಗೊತ್ತಾಯಿತು. ನನ್ನ ತವರು ಎಚ್.ಡಿ. ಕೋಟೆ ಕಡೆ, ಬಸ್ಸು ನಿಲ್ಲುವ ಹ್ಯಾಂಡ್‌ಪೋಸ್ಟಿನಿಂದ ಮೂರು ಮೈಲಿ ಒಳಗೆ. ಅಪ್ಪ ಹುಣಸೂರಿಗೆ ಬಂದು ಅಡುಗೆಮನೆ ಬಾಗಿಲಲ್ಲಿ ಕೂತರು.

"ಅಳಿಯಂದ್ರು ಆ ಸಣ್ ಪೆಟ್ಗೆ ತರಾದ್ ಬ್ಯಾಡ ಕಣವ್ವ. ಬಾರ್ಸೋನೇ ಮನೆ ಅಳಿಯ ಆಗಿ, ಹಾರನ್ನೇ ಇಲ್ಲ ಅಂದ್ರೆ ಬೀಗ್ರು ಏನಂದಾರು?"

ಅವರ ಎದೆಯ ವಿಷಯ ತವರಿಗೆ ಹೇಳಿರಲಿಲ್ಲ. ಬರೀ ಜ್ವರ ಎಂದಿದ್ದೆ. ಹೆಣ್ಣಿನ ಕಡೆ ಎದೆರೋಗ ಇದೆಯೆಂದು ಗೊತ್ತಾದರೆ ಆಗ ಸಂಬಂಧ ಮುರಿಯುತ್ತಿದ್ದರು. ಅಪ್ಪನ ಬಾಯಲ್ಲಿ ಗುಟ್ಟು ನಿಲ್ಲದು. "ಆಗ್ಲಿ ಅಪ್ಪ" ಎಂದುಬಿಟ್ಟೆ.

ಸಂಜೆ ಇವರಿಗೆ ಹೇಳಿದಾಗ ತಂತಿ ಒರೆಸುತ್ತಾ ಕೂತಿದ್ದರು. "ಒಂದಿನ ತಾನೇ" ಎಂದರು.

"ಯಾರ ಕೈಲಾದ್ರೂ ಹೊರ್ಸಿ. ನೀವು ಮುಟ್ಬೇಡಿ."

"ಹೊರಿಸ್ತೀನಿ ಬುಡು."

ನಾನು ಮೊದಲೇ ತವರಿಗೆ ಹೋಗಿದ್ದೆ. ಚಪ್ಪರದ ದಿನ ಅವರು ಹ್ಯಾಂಡ್‌ಪೋಸ್ಟಿನಲ್ಲಿ ಇಳಿದಾಗ ನಮ್ಮ ಗಾಡಿ ಅಲ್ಲೇ ನಿಂತಿತ್ತಂತೆ, ಬೀಗರ ಹೆಂಗಸರಿಗೆ ಕಾಯುತ್ತಾ. ಅದನ್ನು ಕೇಳುವಂತಿರಲಿಲ್ಲ. ಅಂದು ಸಂತೆ, ಹೊರುವ ಆಳೂ ಸಿಗಲಿಲ್ಲ. ಬೀಗರಿಗಿಂತ ಮೊದಲು ಹಾರನ್ನು ಮರ ಏರಬೇಕಲ್ಲ. ಬಾಡಿಗೆಗೆ ತಂದ ಆಂಪ್ಲಿಫೈಯರನ್ನು ಒಂದಷ್ಟು ದೂರ ಹೊತ್ತು ಇಟ್ಟು, ಹಿಂದಕ್ಕೆ ನಡೆದು ಬ್ಯಾಟರಿ ತಂದು, ಮತ್ತೆ ಹಿಂದಕ್ಕೆ ಹೋಗಿ ಹಾರನ್ನು, ಗಿಟಾರು ತಂದು, ಹೀಗೆ ಮೂರು ಮೈಲಿ ಬಂದರು.

ಚಪ್ಪರದ ಬಾಗಿಲಿಗೆ ಬಂದಾಗ ಅವರ ತುಟಿ ಕಪ್ಪಾಗಿತ್ತು. ನಾನು ಅಡುಗೆಮನೆ ಬಾಗಿಲಲ್ಲಿದ್ದೆ. ಅಷ್ಟು ಜನರ ಮುಂದೆ ಗಂಡನ ಹತ್ತಿರ ಹೋಗಿ ಮಾತಾಡುವ ಪದ್ಧತಿ ಇರಲಿಲ್ಲ. ಹೋಗಲಿಲ್ಲ. ಹಾರನ್ನು ಮೊಳಗಿತು. ಅಪ್ಪ ಬೀಗರನ್ನು ಎದುರುಗೊಳ್ಳಲು ಎಲ್ಲೆಯವರೆಗೆ ನಡೆದರು. ಇವರು ಎರಡು ದಿನ ಬಾರಿಸಿದರು. ಮದುವೆ ಮುಗಿದ ಮೇಲೆ ಬಟ್ಟೆ ಒಗೆಯುವಾಗ, ಅವರ ಟವೆಲ್ಲು ನಾಲ್ಕು ಮಡಿಕೆಯಾಗಿತ್ತು. ಬಿಡಿಸಿದರೆ ಒಳಗೆ ರಕ್ತ.

ಮತ್ತೆ ಮೈಸೂರಿಗೆ ಹೋದೆವು. ಆಮೇಲೆ ಇವರು ಐದು ತಿಂಗಳು ಬದುಕಿದ್ದರು. ಕೊನೆಕೊನೆಗೆ ಪೆಟ್ಟಿಗೆಯನ್ನೂ ಹಚ್ಚದೆ, ಮಂಚದ ಮೇಲೆ ಒರಗಿ ಬರೀ ಗಿಟಾರು ನುಡಿಸುತ್ತಿದ್ದರು. ಎರಡು ಮಾರು ಆಚೆಗೆ ಕೇಳುತ್ತಿರಲಿಲ್ಲ.

"ಕೇಳ್ತದೇನೇ?" ಎಂದರು ಒಂದು ದಿನ.

"ಕೇಳ್ತದೆ."

"ಅಂಗಾರೆ ಸಾಕು."

ಆ ವಾರವೇ ಹೋದರು. ನಿಮ್ಮ ಅಪ್ಪನಿಗೆ ಆಗ ಎರಡು ವರ್ಷ.

ನಿಜ ಹೇಳಿದ್ದರೆ ನನ್ನ ಅಪ್ಪ ಎರಡನೇ ಗಾಡಿ ಕಟ್ಟಿಸುತ್ತಿದ್ದರೋ, ತಂಗಿಯ ಮದುವೆಯೇ ನಿಲ್ಲುತ್ತಿತ್ತೋ, ನನಗೆ ಇವತ್ತಿಗೂ ತಿಳಿಯದು. ನಾನು ತಂಗಿಯನ್ನು ಉಳಿಸಿಕೊಂಡೆ. ಅವಳು ಚೆನ್ನಾಗಿ ಬಾಳಿದಳು. ಆ ಚಿಕ್ಕಜ್ಜಿ ಬಂದಾಗಲೆಲ್ಲ ನಿಮ್ಮನ್ನು ಸುತ್ತ ಕೂರಿಸಿಕೊಂಡು, "ನನ್ ಮದ್ವೇಲಿ ಬಾವ ಬಾರ್ಸಿದ್ದು ಮೂರೂರ್ಗೆ ಕೇಳ್ತು ಕಣ್ರೋ" ಎನ್ನುತ್ತಾಳೆ. ಆ ಹೊರೆಯ ವಿಷಯ ಅವಳಿಗೆ ಇಂದಿಗೂ ಹೇಳಿಲ್ಲ, ನಾನು ಹೂಂ ಎನ್ನುತ್ತೇನೆ. ಇದನ್ನು ಓದಿದ ಮೇಲೆ ನೀವೂ ಹಾಗೇ ಹೂಂ ಅನ್ನಿ.